ಬೆಳೆ ಕಾಯುವ ಕೆಲಸದಲ್ಲಿ ಹೆಂಗಸರ ಪಾಲು, ಗಂಡಸರ ಪಾಲು



ಈ ಸಲದ ಪಾಠವನ್ನು ಎರಡು ಸಣ್ಣ ಪ್ರಶ್ನೆಗಳಿಂದ ಆರಂಭಿಸೋಣ. ನಿಮ್ಮ ಹೊಲಕ್ಕೆ ಹುಳು ಬಿದ್ದಿರುವುದು ಮೊದಲು ಯಾರ ಕಣ್ಣಿಗೆ ಬೀಳುತ್ತದೆ? ಅದಕ್ಕೆ ಯಾವ ಔಷಧ ತರಬೇಕೆಂದು ಯಾರು ತೀರ್ಮಾನಿಸುತ್ತಾರೆ? ಎರಡಕ್ಕೂ ಒಂದೇ ಉತ್ತರ ಬಂದರೆ ನಿಮ್ಮ ಮನೆಗೆ ಈ ಪಾಠದ ಅಗತ್ಯ ಅಷ್ಟಾಗಿ ಇಲ್ಲ. ಆದರೆ ಕರೂರು ಹೋಬಳಿಯ ಬಹಳಷ್ಟು ಮನೆಗಳಲ್ಲಿ ಎರಡು ಬೇರೆ ಬೇರೆ ಉತ್ತರ ಬರುತ್ತವೆ. ಹುಳು ಕಂಡವಳು ಒಬ್ಬಳು, ಔಷಧ ತರುವವನು ಇನ್ನೊಬ್ಬನು. ಇವರಿಬ್ಬರ ನಡುವೆ ಮಾತು ನಡೆಯದೆ ಹೋದ ದಿನಗಳೇ ಹುಳುವಿಗೆ ಸುಗ್ಗಿಯ ದಿನಗಳು.

ಒಂದು ಮನೆಯ ಸಂಗತಿ

ಒಂದು ಮನೆಯನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ಕಾಲುವೆ ನೀರಿನ ಮೂರು ಎಕರೆ ಗದ್ದೆ. ಸೋನಾ ಭತ್ತ ನಾಟಿಯಾಗಿ ಎರಡು ತಿಂಗಳಾಗಿದೆ. ಮನೆಯಾಕೆ ಉಳಿದ ಕಳೆ ಕೀಳಲು ಗದ್ದೆಗೆ ಇಳಿದಿದ್ದಳು. ಸಂಜೆ ಮನೆಗೆ ಬಂದವಳು ಗಂಡನಿಗೆ ಹೇಳಿದಳು:

"ಏನ್ರೀ, ಗದ್ದ್ಯಾಗ ಬುಡಕ್ಕ ಕಂದು ಬಣ್ಣದ ನುಸಿ ಹಂಗ ಏನೋ ಹತ್ತೈತಿ. ಕೈ ಹಚ್ಚಿದ್ರ ಪಟಪಟ ಜಿಗೀತಾವು."

"ಮುಂಜಾನಿ ನಾನೂ ಬದುವಿನ ಮ್ಯಾಲೆ ಹೋಗಿ ಬಂದೀನಿ. ಬೆಳಿ ಹಸರುಗಟ್ಟಿ ನಿಂತೈತಿ. ಸುಮ್ನ ಅಂಜಬ್ಯಾಡ."

ಮಾತು ಅಲ್ಲಿಗೆ ನಿಂತಿತು. ಹತ್ತು ದಿನಗಳ ಮೇಲೆ ಗದ್ದೆಯ ನಡುವೆ ಎರಡು ಕಡೆ ದುಂಡಗೆ ಬೆಂಕಿ ಹತ್ತಿದಂತೆ ಪೈರು ಒಣಗಿತು. ಆಗ ಯಜಮಾನನು ಗಾಡಿ ಹತ್ತಿ ಔಷಧದ ಅಂಗಡಿಗೆ ಓಡಿದನು. "ಯಾವ ಹುಳ?" ಎಂದು ಅಂಗಡಿಯವನು ಕೇಳಿದರೆ, "ಬೆಳಿ ಸುಡಾಕ ಹತ್ತೈತಿ, ಛಲೋದು ಕೊಡ್ರಿ" ಎಂದನು. ಎರಡು ಡಬ್ಬಿ ಬಂದವು. ಎರಡನ್ನೂ ಕೂಡಿಸಿ ಹೊಡೆದದ್ದಾಯಿತು. ಹಣ ಹೋಯಿತು, ಸುಟ್ಟ ಪೈರು ಮಾತ್ರ ಹಸಿರಾಗಲಿಲ್ಲ.

ಇದರಲ್ಲಿ ತಪ್ಪು ಯಾರದು? ವಿಚಾರ ಮಾಡಿ ನೋಡಿದರೆ ಇಬ್ಬರೂ ತಮಗೆ ಕಂಡದ್ದನ್ನೇ ಹೇಳಿದ್ದರು. ಕಂದು ಜಿಗಿಹುಳು ಭತ್ತದ ಬುಡದಲ್ಲಿ, ನೀರಿಗೆ ತುಸು ಮೇಲೆ ಕುಳಿತು ರಸ ಹೀರುತ್ತದೆ. ಬದುವಿನ ಮೇಲೆ ನಿಂತವರಿಗೆ ಕಾಣುವುದು ಎಲೆಯ ಹಸಿರು. ಬಗ್ಗಿ ಕೆಲಸ ಮಾಡುವವರಿಗೆ ಕಾಣುವುದು ಬುಡ. ನಮ್ಮ ಕಡೆ ಬಗ್ಗಿ ಮಾಡುವ ಕೆಲಸವೆಲ್ಲ ಬಹುಮಟ್ಟಿಗೆ ಹೆಂಗಸರದು.

ಯಾರ ಕೆಲಸ ಯಾವುದು?

ಒಂದು ಹಂಗಾಮನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕೋಣ. ಉಳುವುದು, ಮಡಿ ಹದ ಮಾಡುವುದು, ನೀರು ಕಟ್ಟುವುದು, ಗೊಬ್ಬರ ಕೊಳ್ಳುವುದು, ಔಷಧ ತಂದು ಬೆನ್ನಿಗೆ ಪಂಪು ಕಟ್ಟಿ ಹೊಡೆಯುವುದು, ಮಾಲು ಮಾರುವುದು ಗಂಡಸರ ಕೆಲಸವೆಂದು ರೂಢಿ. ಸಸಿ ಕೀಳುವುದು, ನಾಟಿ, ಕಳೆ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು, ಕಾಯಿ ಆರಿಸುವುದು, ಕಾಳು ಕೇರುವುದು, ಬೀಜ ಕಾಪಾಡುವುದು ಹೆಂಗಸರ ಕೆಲಸ. ಔಷಧ ಹೊಡೆಯುವ ದಿನವೂ ನೀರು ಹೊತ್ತು ತರುವವರು, ಪಂಪು ತುಂಬುವವರು, ಸಂಜೆ ಆ ಬಟ್ಟೆ ಒಗೆಯುವವರು ಹೆಂಗಸರೇ. ಆದರೂ ಲೆಕ್ಕ ಹೇಳುವಾಗ "ಔಷಧ ಹೊಡೆಯುವುದು ಗಂಡಸರ ಕೆಲಸ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ಭತ್ತದ ಒಂದೊಂದು ಸಸಿಯೂ ನಾಟಿ ಮಾಡುವವರ ಬೆರಳ ನಡುವೆ ಹಾದುಹೋಗುತ್ತದೆ. ಹತ್ತಿಯ ಒಂದೊಂದು ಕಾಯಿಯೂ ಬಿಡಿಸುವವರ ಕೈಗೆ ಬರುತ್ತದೆ. ಬೆಳೆಯ ಪ್ರತಿಯೊಂದು ಗಿಡವನ್ನು ಮುಟ್ಟಿ ನೋಡುವಷ್ಟು ಕಣ್ಣು, ಕೈ ಯಾವ ಇಲಾಖೆಗೂ ಇಲ್ಲ. ಕೂಲಿ ಹೆಂಗಸರಂತೂ ಈ ದಿನ ಒಬ್ಬರ ಹೊಲದಲ್ಲಿ, ನಾಳೆ ಇನ್ನೊಬ್ಬರ ಹೊಲದಲ್ಲಿ ಇರುತ್ತಾರೆ. ಊರಿನ ಯಾವ ದಿಕ್ಕಿನಲ್ಲಿ ಯಾವ ರೋಗ ಕಾಲಿಟ್ಟಿದೆ ಎಂಬುದು ಒಬ್ಬ ಹೊಲದ ಯಜಮಾನನಿಗಿಂತ ಅವರಿಗೆ ಮೊದಲು ಗೊತ್ತಾಗುತ್ತದೆ. ಆದರೆ ಅವರನ್ನು ಕೇಳುವವರಿಲ್ಲ. ಕೇಳದೆ ಹೇಳಿದರೆ "ನಿನ್ನ ಕೆಲಸ ನೀ ನೋಡು" ಎಂಬ ಮಾತು ಬಂದೀತೆಂದು ಅವರೂ ಸುಮ್ಮನಿರುತ್ತಾರೆ.

ಈ ಹಂಚಿಕೆ ಹೇಗೆ ಗಟ್ಟಿಯಾಯಿತು?

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ನಮ್ಮ ತಾಲ್ಲೂಕಿನಲ್ಲಿ ಭತ್ತದ ಬೇಸಾಯ ಬೆಳೆಯಿತು. ಮಳೆಯ ಜೋಳ, ಹತ್ತಿಯ ಕಾಲದಲ್ಲಿ ಕಾಣದ ಹುಳು, ರೋಗಗಳೂ ನೀರಿನ ಹಿಂದೆಯೇ ಬಂದವು. ಅವುಗಳ ಹಿಂದೆ ಪುಡಿ, ದ್ರಾವಣ, ಪಂಪುಗಳು ಬಂದವು. ಇದಕ್ಕೆ ಒಂದು ವರ್ಷ ಹಿಂದೆ, 1952ರ ಅಕ್ಟೋಬರ್ 2ರಂದು, ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಗಿತ್ತು. ಆ ಯೋಜನೆಯಲ್ಲಿ ಗ್ರಾಮಸೇವಕನು ಗಂಡಸರಿಗೆ ಬೀಜ, ಗೊಬ್ಬರ, ಸಸ್ಯ ಸಂರಕ್ಷಣೆಯ ಪಾಠ ಹೇಳುತ್ತಿದ್ದನು. ಗ್ರಾಮಸೇವಿಕೆಯು ಹೆಂಗಸರಿಗೆ ಹೊಗೆಯಿಲ್ಲದ ಒಲೆ, ಹೊಲಿಗೆ, ಶಿಶುಪಾಲನೆಯ ಪಾಠ ಹೇಳುತ್ತಿದ್ದಳು. ಅವೆರಡೂ ಒಳ್ಳೆಯ ಪಾಠಗಳೇ. ಆದರೆ ಬಗ್ಗಿ ಹುಳು ನೋಡುವವರಿಗೆ ಹುಳುವಿನ ಪಾಠ ಸಿಗಲಿಲ್ಲ.

ಆ ಪದ್ಧತಿ ಹೋಗಿ ಬಹಳ ಕಾಲವಾಯಿತು, ರೂಢಿ ಮಾತ್ರ ಪೂರ್ತಿ ಹೋಗಿಲ್ಲ. ತರಬೇತಿಗೆ ಕರೆ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ನೂರು ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು ಸುಮಾರು 14 ಮಾತ್ರ. ಆದರೆ 2011ರ ಜನಗಣತಿಯಲ್ಲಿ ದುಡಿಯುವ ಹೆಂಗಸರ ಪೈಕಿ ನೂರಕ್ಕೆ 65 ಮಂದಿ ಸ್ವಂತ ಬೇಸಾಯದಲ್ಲೋ ಹೊಲದ ಕೂಲಿಯಲ್ಲೋ ಇದ್ದರು. ದುಡಿಮೆ ಅಷ್ಟು, ಹೆಸರು ಇಷ್ಟು. ಹೆಸರಿಲ್ಲದವರಿಗೆ ಪಾಠವಿಲ್ಲ, ಪಾಠವಿಲ್ಲದವರ ಮಾತಿಗೆ ಬೆಲೆಯಿಲ್ಲ. ನಷ್ಟ ಮಾತ್ರ ಇಡೀ ಮನೆಗೆ.

ಇನ್ನು ನಮ್ಮ ಮೂರು ಮುಖ್ಯ ಬೆಳೆಗಳಲ್ಲಿ ಯಾರು ಏನು ನೋಡಬಹುದು, ಏನು ಮಾಡಬಹುದು ಎಂಬುದನ್ನು ಒಂದೊಂದಾಗಿ ತಿಳಿಯೋಣ.

ಭತ್ತ

ಮೊದಲನೆಯದು ಕಾಂಡ ಕೊರಕ. ಇದರ ಚಿಟ್ಟೆಯು ಎಲೆಯ ತುದಿಯ ಹತ್ತಿರ ಗುಂಪಾಗಿ ಮೊಟ್ಟೆಯಿಟ್ಟು ಮೇಲೆ ಕಂದು ಹಳದಿ ನವಿರು ಮುಚ್ಚುತ್ತದೆ. ಸಸಿ ಕೀಳುವ ಹೆಂಗಸರು ಇದನ್ನು ಎಷ್ಟೋ ಸಲ ಕಂಡಿರುತ್ತಾರೆ, ಆದರೆ ಮೊಟ್ಟೆ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ನಾಟಿಗೆ ಮುಂಚೆ ಸಸಿಯ ಕಟ್ಟಿನ ತುದಿಯನ್ನು ಚಿವುಟಿ ತೆಗೆದು ನಾಶ ಮಾಡಿದರೆ ಮೊಟ್ಟೆಗಳು ಗದ್ದೆಗೆ ಹೋಗುವುದಿಲ್ಲ. ಒಂದು ಪೈಸೆಯ ಔಷಧ ಬೇಕಿಲ್ಲ. ಆದರೆ ಒಂದು ಎಚ್ಚರಿಕೆ: ದುಂಡಾಣು ಎಲೆ ಅಂಗಮಾರಿ ಬರುವ ಕಡೆ ತುದಿ ಚಿವುಟಬಾರದು. ಚಿವುಟಿದ ಗಾಯದಿಂದ ಆ ರೋಗ ಒಳಗೆ ಹೋಗುತ್ತದೆ. ಅಂಥ ಕಡೆ ಮೊಟ್ಟೆಯಿರುವ ಸಸಿಗಳನ್ನಷ್ಟೇ ಆರಿಸಿ ತೆಗೆಯಿರಿ.

ನಾಟಿಯಾದ ಮೇಲೆ ನಡುವಿನ ಸುಳಿ ಒಣಗಿ, ಎಳೆದರೆ ಸುಲಭವಾಗಿ ಕೈಗೆ ಬಂದರೆ ಅದು ಕಾಂಡ ಕೊರಕದ ಗುರುತು. ತೆನೆ ಹೊರಟಾಗ ಬಿಳಿ ತೆನೆ ಬಂದರೂ ಅದೇ. ಕಳೆ ತೆಗೆಯುವವರು ಒಂದು ಚದರ ಮೀಟರಿನಲ್ಲಿ ಒಂದು ಮೊಟ್ಟೆಯ ಗುಂಪು ಕಂಡರೂ ಮನೆಯಲ್ಲಿ ಹೇಳಬೇಕು.

ಎರಡನೆಯದು ಕಂದು ಜಿಗಿಹುಳು. ವಾರಕ್ಕೊಂದು ಸಲ ಗದ್ದೆಯೊಳಗೆ ಹತ್ತು ಕಡೆ ಬುಡವನ್ನು ಓರೆ ಮಾಡಿ, ಅಂಗೈಯಿಂದ ತಟ್ಟಿ, ನೀರಿನ ಮೇಲೆ ಬಿದ್ದ ಹುಳುಗಳನ್ನು ಎಣಿಸಿರಿ. ಒಂದು ಬುಡಕ್ಕೆ 5ರಿಂದ 10 ಹುಳುಗಳಿಗೆ ಮುಟ್ಟಿದರೆ ಕ್ರಮ ಕೈಗೊಳ್ಳುವ ಕಾಲ ಬಂದಿತೆಂದು ತಿಳಿಯಿರಿ. ಮೊದಲು ನೀರು ಬಸಿದು ಗದ್ದೆಯನ್ನು ಕೆಲವು ದಿನ ಆರಲು ಬಿಡಿರಿ. ಯೂರಿಯಾ ಹಾಕುವುದನ್ನು ನಿಲ್ಲಿಸಿರಿ. ಎಣಿಸುವಾಗ ಜೇಡಗಳನ್ನೂ, ಸಣ್ಣ ಹಸಿರು ಮಿರಿಡ್ ತಿಗಣೆಗಳನ್ನೂ ಗಮನಿಸಿರಿ. ಇವು ಜಿಗಿಹುಳುವನ್ನೂ ಅದರ ಮೊಟ್ಟೆಯನ್ನೂ ತಿನ್ನುವ ನಮ್ಮ ಬಂಟರು. ಕಂಡ ಕಂಡ ಔಷಧ, ಅದರಲ್ಲೂ ಸಿಂಥೆಟಿಕ್ ಪೈರೆಥ್ರಾಯ್ಡ್ ಜಾತಿಯವನ್ನು ಹೊಡೆದರೆ ಬಂಟರು ಸಾಯುತ್ತಾರೆ, ಜಿಗಿಹುಳು ಮೊದಲಿಗಿಂತ ಹೆಚ್ಚಾಗಿ ತಿರುಗಿ ಬರುತ್ತದೆ. ಔಷಧ ಹೊಡೆಯಲೇಬೇಕಾದರೆ ಬುಡಕ್ಕೆ ಬೀಳುವಂತೆ ಹೊಡೆಯಬೇಕು. ಎಲೆಗೆ ಬಿದ್ದ ಔಷಧ ಈ ಹುಳುವಿಗೆ ಮುಟ್ಟುವುದಿಲ್ಲ.

ಇದಕ್ಕೆ ಮುಂಚಿತವಾಗಿ ಮಾಡುವ ಉಪಾಯವೊಂದಿದೆ. ನಾಟಿ ಮಾಡುವಾಗ ಪ್ರತಿ ಎರಡು ಮೂರು ಮೀಟರಿಗೆ ಒಂದು ಅಡಿ ಅಗಲದ ಓಣಿ ಬಿಡುವುದು. ಗಾಳಿ, ಬೆಳಕು ಬುಡಕ್ಕೆ ಇಳಿಯುತ್ತವೆ, ಜಿಗಿಹುಳು ಹೆಚ್ಚುವುದಿಲ್ಲ. ಔಷಧ ಹೊಡೆಯುವವರಿಗೂ ನಡೆಯಲು ದಾರಿಯಾಗುತ್ತದೆ. ಆದರೆ ನಾಟಿಯನ್ನು ಎಕರೆಗೆ ಇಷ್ಟೆಂದು ಗುತ್ತಿಗೆ ಕೊಟ್ಟು ಯಜಮಾನನು ದೂರದಲ್ಲಿದ್ದರೆ ಓಣಿ ಬಿಡುವವರು ಯಾರು? ನಾಟಿಯ ದಿನ ಗುಂಪಿನ ಹೆಂಗಸರಿಗೆ ಓಣಿ ಏಕೆ ಬೇಕೆಂದು ಹೇಳಿ, ಹಗ್ಗ ಹಿಡಿದು ತೋರಿಸಿರಿ.

ಹತ್ತಿ

2002ರಲ್ಲಿ ಬಿಟಿ ಹತ್ತಿ ಬಂದಾಗ ಕಾಯಿಕೊರಕದ ಕಾಟ ಮುಗಿಯಿತೆಂದು ನಂಬಿದೆವು. ಹಸಿರು ಕಾಯಿಕೊರಕ ಕಡಿಮೆಯಾದದ್ದು ನಿಜ. ಆದರೆ ಗುಲಾಬಿ ಕಾಯಿಕೊರಕವು ಬಿಟಿಗೆ ಒಗ್ಗಿಕೊಂಡು ತಿರುಗಿ ಬಂದಿದೆ. ಇದು ಕಾಯಿಯ ಒಳಗೆ ಕುಳಿತು ಬೀಜ ತಿನ್ನುವ ಹುಳು. ಹೊರಗಿನಿಂದ ಕಾಯಿ ಚೆನ್ನಾಗಿಯೇ ಕಾಣುತ್ತದೆ. ಹುಳು ಒಳಗೆ ಹೊಕ್ಕ ಮೇಲೆ ಎಷ್ಟು ಔಷಧ ಹೊಡೆದರೂ ಹೊರಗಿನ ಸಿಪ್ಪೆಗೇ ಹೊಡೆದಂತೆ.

ಆದುದರಿಂದ ಇಲ್ಲಿ ಮುಂಚೆ ಕಾಣುವುದೇ ಮದ್ದು. ಹೂವಿನ ಎಸಳುಗಳು ಅರಳದೆ ತಿರುಚಿಕೊಂಡು ಗುಲಾಬಿ ಮೊಗ್ಗಿನಂತೆ ಮುದುಡಿ ನಿಂತರೆ ಅದರೊಳಗೆ ಮರಿಹುಳು ಇರುತ್ತದೆ. ಕಳೆ ತೆಗೆಯುವವರು ಅಂಥ ಹೂವನ್ನು ಕಿತ್ತು ಉಡಿಯಲ್ಲಿ ಹಾಕಿಕೊಂಡು ಬಂದು ಸುಡಬೇಕು. ಗಂಡಸರು ಎಕರೆಗೆ ಎರಡರಂತೆ ಮೋಹಕ ಬಲೆ ಕಟ್ಟಿ ನೋಡಬೇಕು. ಒಂದು ಬಲೆಗೆ ರಾತ್ರಿಗೆ 8 ಪತಂಗಗಳಂತೆ ಸತತ ಮೂರು ರಾತ್ರಿ ಬಿದ್ದರೆ, ಅಥವಾ ಬೇರೆ ಬೇರೆ ಗಿಡಗಳಿಂದ ತಂದು ಒಡೆದ 20 ಎಳೆಗಾಯಿಗಳಲ್ಲಿ 2ರಲ್ಲಿ ಹುಳು ಕಂಡರೆ ಕ್ರಮ ಕೈಗೊಳ್ಳಬೇಕು.

ಹತ್ತಿ ಬಿಡಿಸುವವರಿಗೆ ಇನ್ನೊಂದು ಗುರುತು ಸಿಗುತ್ತದೆ. ಅರ್ಧ ಅರಳಿದ ಕಾಯಿ, ಕಲೆ ಬಿದ್ದ ಅರಳೆ, ಒಂದಕ್ಕೊಂದು ಅಂಟಿಕೊಂಡ ಜೋಡಿ ಬೀಜ. ಇಂಥ ಹತ್ತಿಯನ್ನು ಬೇರೆ ಚೀಲಕ್ಕೆ ಹಾಕಿರಿ. ಒಳ್ಳೆಯದರೊಂದಿಗೆ ಬೆರೆಸಿದರೆ ಆದವಾನಿಯ ಪೇಟೆಯಲ್ಲಿ ಇಡೀ ಮಾಲಿಗೆ ದರ ಇಳಿಯುತ್ತದೆ. ಅಲ್ಲದೆ ಹುಳು ಬಿದ್ದ ಹತ್ತಿಯನ್ನೂ, ಹತ್ತಿ ಕಟ್ಟಿಗೆಯನ್ನೂ ಮನೆಯ ಹತ್ತಿರ ಮುಂದಿನ ಮಳೆಗಾಲದವರೆಗೆ ಒಟ್ಟಿ ಇಟ್ಟರೆ ಹುಳು ಅದರಲ್ಲೇ ಕಾಲ ಕಳೆದು ಹೊಸ ಬೆಳೆಗೆ ಬರುತ್ತದೆ. ಕಟ್ಟಿಗೆ ಒಲೆಗೆ ಬೇಕು ಎಂಬುದು ಹೆಂಗಸರ ಕಷ್ಟ, ಹೊಲ ಬೇಗ ತೆರವಾಗಬೇಕು ಎಂಬುದು ಬೆಳೆಯ ಕಷ್ಟ. ಕೂಡಿ ಮಾತಾಡಿದರೆ ದಾರಿ ಇದೆ: ಜನವರಿಯೊಳಗೆ ಬೆಳೆ ಮುಗಿಸಿ, ಕಟ್ಟಿಗೆಯಲ್ಲಿ ಉಳಿದ ಕಾಯಿಗಳನ್ನು ಉದುರಿಸಿ ಸುಟ್ಟು, ಕಟ್ಟಿಗೆಯನ್ನು ಬೇಸಿಗೆಯಲ್ಲೇ ಉರಿಸಿ ಮುಗಿಸಿರಿ.

ಮೆಣಸಿನಕಾಯಿ

2021ರ ಹಂಗಾಮು ನಮ್ಮ ಜಿಲ್ಲೆಯ ಮೆಣಸಿನಕಾಯಿ ಬೆಳೆಗಾರರಿಗೆ ಮರೆಯುವಂತಿಲ್ಲ. 2015ರಲ್ಲಿ ಬೆಂಗಳೂರಿನ ಕಡೆ ಪಪ್ಪಾಯಿ ಗಿಡದಲ್ಲಿ ದೇಶದಲ್ಲೇ ಮೊದಲ ಬಾರಿಗೆ ಕಂಡಿದ್ದ ಹೊರನಾಡಿನ ಕಪ್ಪು ಥ್ರಿಪ್ಸ್ ನುಸಿಯು 2021ರಲ್ಲಿ ಆಂಧ್ರ, ತೆಲಂಗಾಣ, ಬಳ್ಳಾರಿ, ರಾಯಚೂರು ಸೀಮೆಯ ಮೆಣಸಿನ ಹೊಲಗಳಿಗೆ ನುಗ್ಗಿತು. ಹೂ ಉದುರಿ ಕಾಯಿ ಕಟ್ಟಲಿಲ್ಲ. ಬ್ಯಾಡಗಿ ಪೇಟೆಯ ದರ ನಂಬಿ ಸಾಲ ಮಾಡಿದವರು ದಿನ ಬಿಟ್ಟು ದಿನ ಔಷಧ ಹೊಡೆದು ಸೋತರು. ಕೆಲವರು ಬೆಳೆ ಕಿತ್ತು ಹಾಕಿದರು.

ಹಳೆಯ ಥ್ರಿಪ್ಸ್ ಎಲೆಯಡಿ ಇರುತ್ತದೆ. ಈ ಕಪ್ಪು ಥ್ರಿಪ್ಸ್ ಹೆಚ್ಚಾಗಿ ಹೂವಿನೊಳಗೆ ಗುಂಪು ಸೇರುತ್ತದೆ. ದೂರದಿಂದ ನೋಡಿದರೆ ಹೊಲ ಹೂ ಬಿಟ್ಟು ಚೆಂದ ಕಾಣುತ್ತದೆ. ಒಂದು ಹೂವನ್ನು ಬಿಳಿ ಹಾಳೆಯ ಮೇಲೋ ಅಂಗೈ ಮೇಲೋ ಕೊಡವಿದರೆ ಕರಿ ಎಳ್ಳಿನ ಚೂರಿನಂತೆ ಓಡಾಡುವ ನುಸಿಗಳು ಬೀಳುತ್ತವೆ. ಇದನ್ನು ಕಲಿಯಲು ಓದು ಬರಹ ಬೇಕಿಲ್ಲ, ಹೂವಿನ ಹತ್ತಿರ ಹೋಗಬೇಕು ಅಷ್ಟೆ.

ಮುಟುರು ರೋಗದಲ್ಲಿಯೂ ಒಂದು ಭೇದ ತಿಳಿದಿರಲಿ. ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮುದುಡಿದ್ದರೆ ಅದು ಥ್ರಿಪ್ಸ್ ನುಸಿಯ ಕೆಲಸ. ಎಲೆ ಕೆಳಕ್ಕೆ ಬೋರಲು ಹಾಕಿದಂತೆ ಬಾಗಿ, ಎಲೆಯ ತೊಟ್ಟು ಉದ್ದವಾಗಿದ್ದರೆ ಅದು ಮೈಟ್ ನುಸಿಯ ಕೆಲಸ. ಇವೆರಡಕ್ಕೂ ಔಷಧ ಬೇರೆ ಬೇರೆ. "ಎಲಿ ಮುದುಡ್ಯಾವು" ಎಂದಷ್ಟೇ ಅಂಗಡಿಯಲ್ಲಿ ಹೇಳಿದರೆ ತಪ್ಪು ಡಬ್ಬಿ ಬರುತ್ತದೆ. ಅಂಗಡಿಗೆ ಹೋಗುವವನು ಮುಂಚೆ ಗಿಡ ಬಿಡಿಸುವವರನ್ನು ಕೇಳಲಿ: "ಎಲೆ ಮೇಲಕ್ಕೆ ಮುದುಡಿದೆಯೋ, ಕೆಳಕ್ಕೋ?" ಕೈಯಲ್ಲಿ ಒಂದು ಎಲೆ, ಒಂದು ಹೂವು ಇದ್ದರೆ ಇನ್ನೂ ಒಳ್ಳೆಯದು.

ಬೇವಿನ ಕಷಾಯ ಮೂರು ಬೆಳೆಗಳಿಗೂ ಬರುತ್ತದೆ, ಮುಖ್ಯವಾಗಿ ಹುಳು ಕಡಿಮೆಯಿರುವಾಗ. ಬೇಸಿಗೆಯ ಕೊನೆಯಲ್ಲಿ ಉದುರುವ ಬೇವಿನ ಬೀಜವನ್ನು ಆರಿಸಿ ನೆರಳಿನಲ್ಲಿ ಒಣಗಿಸಿಡಿರಿ. 5 ಕಿಲೋ ತಿರುಳನ್ನು ಕುಟ್ಟಿ ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೀರಿನಲ್ಲಿ ನೆನೆಹಾಕಿರಿ. ಬೆಳಿಗ್ಗೆ ಹಿಂಡಿ ಸೋಸಿ 100 ಲೀಟರ್ ನೀರು ಮಾಡಿ, ಸ್ವಲ್ಪ ಸೋಪಿನ ಪುಡಿ ಕಲಸಿ ಸಂಜೆ ಹೊಡೆಯಿರಿ. ಸ್ವಸಹಾಯ ಸಂಘದ ಸೋದರಿಯರು ಬೀಜ ಕೂಡಿಸಿ ಪುಡಿ ಮಾಡಿ ಊರಿನಲ್ಲೇ ಮಾರಿದರೆ ಸಂಘಕ್ಕೂ ಆದಾಯವಾಗುತ್ತದೆ.

ವಿಷ ಯಾರ ಮೈಗೆ ಮುಟ್ಟುತ್ತದೆ?

ಇದು ಈ ಪಾಠದ ಮುಖ್ಯ ಭಾಗ. ದಯವಿಟ್ಟು ಮನೆಯವರೆಲ್ಲ ಕೂಡಿ ಓದಿರಿ, ಓದಲು ಬಾರದವರಿಗೆ ಓದಿ ಹೇಳಿರಿ.

ಪಂಪು ಹೊತ್ತವನಿಗೆ ಅಪಾಯವಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಡಬ್ಬಿಯೊಳಗಿನ ಔಷಧ ನೀರು ಬೆರೆಯದೆ ಇರುವಾಗಲೇ ಅತ್ಯಂತ ತೀಕ್ಷ್ಣ. ಅದನ್ನು ಅಳೆದು ಕಲಸುವವರು, ಪಂಪಿಗೆ ತುಂಬುವವರು ಯಾರು? ನಮ್ಮ ದೇಶದ ಮೂರು ಹಳ್ಳಿಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹತ್ತಿ ಬೆಳೆಯುವ 50 ಮಂದಿ ಹೆಂಗಸರು, ಔಷಧ ಹೊಡೆದ ದಿನ ತಮಗೂ ತಮ್ಮ ಮನೆಯ ಗಂಡಸರಿಗೂ ಆದ ತೊಂದರೆಗಳನ್ನು ಹಂಗಾಮಿನುದ್ದಕ್ಕೂ ವರದಿ ಮಾಡಿದರು. ಔಷಧ ಕಲಸಿ, ಪಂಪು ತುಂಬುವ ಹೆಂಗಸರಿಗೂ ಹೊಡೆಯುವ ಗಂಡಸರಷ್ಟೇ ಅಪಾಯವಿದೆ ಎಂಬುದು ಅದರಿಂದ ತಿಳಿದುಬಂದಿತು. ತೀವ್ರ ತೊಂದರೆಯಾದವರು ಕೂಡ ವೈದ್ಯರ ಬಳಿಗೆ ಹೋಗಿರಲಿಲ್ಲ. ಬಡ ರೈತರಿಗೆ ಹೆಚ್ಚು ಪೆಟ್ಟು ಬಿದ್ದಿತ್ತು.

ವಿಷವು ಹೊಡೆದವನ ಹತ್ತಿರವೇ ನಿಲ್ಲುವುದಿಲ್ಲ ಎಂಬುದಕ್ಕೆ ಕನ್ನಡದ ಗಡಿನಾಡು ಕಾಸರಗೋಡಿನ ದುಃಖವೇ ಸಾಕ್ಷಿ. ಅಲ್ಲಿ 1970ರ ದಶಕದಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಪಂಪು ಮುಟ್ಟದ ತಾಯಂದಿರೂ ಮಕ್ಕಳೂ ಅದರ ಕಷ್ಟ ಉಂಡರು. 2011ರಲ್ಲಿ ಸುಪ್ರೀಂ ಕೋರ್ಟು ಆ ಔಷಧವನ್ನು ದೇಶದಲ್ಲೆಲ್ಲ ನಿಲ್ಲಿಸಿತು.

ಆದುದರಿಂದ ಈ ನಿಯಮಗಳನ್ನು ಮನೆಯ ನಿಯಮಗಳನ್ನಾಗಿ ಮಾಡಿಕೊಳ್ಳಿರಿ:

1. ಬಸುರಿಯರು, ಎಳೆಮಕ್ಕಳ ತಾಯಂದಿರು, ಮಕ್ಕಳು ಔಷಧ ಮುಟ್ಟಬಾರದು, ಕಲಸುವ ಜಾಗಕ್ಕೂ ಬರಬಾರದು.

2. ಕಲಸುವವರಿಗೂ ಕೈಗವಸು, ಮುಖಕ್ಕೆ ಮುಸುಕು ಬೇಕು. ಕೋಲಿನಿಂದ ಕಲಸಿರಿ, ಕೈಯಿಂದ ಅಲ್ಲ. ಅಡುಗೆಯ ಪಾತ್ರೆ, ಕುಡಿಯುವ ನೀರಿನ ಕೊಡ ಈ ಕೆಲಸಕ್ಕೆ ಬಾರದಿರಲಿ.

3. ಹೊಲಕ್ಕೆ ಯಾವ ದಿನ ಔಷಧ ಹೊಡೆದಿದೆ ಎಂಬುದನ್ನು ಕಳೆಗೆ, ಕಾಯಿ ಬಿಡಿಸಲು ಬರುವ ಕೂಲಿಯವರಿಗೆ ಮುಂಚೆಯೇ ಹೇಳಿರಿ. ಔಷಧದ ಚೀಟಿಯಲ್ಲಿ ಹೇಳಿದಷ್ಟು ಕಾಲ, ಕಡಿಮೆ ಎಂದರೂ ಒಂದು ಪೂರ್ತಿ ದಿನ, ಯಾರನ್ನೂ ಹೊಲಕ್ಕೆ ಇಳಿಸಬೇಡಿರಿ. ಬದುವಿಗೆ ಒಂದು ಕೆಂಪು ಬಟ್ಟೆ ಕಟ್ಟಿದರೆ ಓದು ಬಾರದವರಿಗೂ ತಿಳಿಯುತ್ತದೆ. ಆ ಬದುವಿನ ಹುಲ್ಲನ್ನು ಎಮ್ಮೆಗೆ ಕೊಯ್ಯಬಾರದು.

4. ಔಷಧ ಹೊಡೆದ ಬಟ್ಟೆಯನ್ನು ಮನೆಯ ಬಟ್ಟೆಯೊಡನೆ ಬೆರೆಸಬಾರದು. ಹೊಡೆದವನೇ ಅದನ್ನು ಬೇರೆ ಬಕೆಟ್ಟಿನಲ್ಲಿ ಸೋಪು ಹಾಕಿ ಒಗೆಯಲಿ. ಅದರಲ್ಲಿ ನಾಚಿಕೆಯಿಲ್ಲ. ಹೆಂಡತಿಯ ಕೈ ಉಳಿಯಿತಲ್ಲ, ಅದೇ ಲಾಭ.

5. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ತೂತು ಮಾಡಿರಿ. ಉಪ್ಪು, ಎಣ್ಣೆ, ಕಾಳು ಇಡಲು ತರಬೇಡಿರಿ. ಕಾಲುವೆಗೆ ಎಸೆಯಬೇಡಿರಿ.

6. ಡಬ್ಬಿಯ ಮೇಲಿನ ವಜ್ರಾಕಾರದ ಗುರುತಿನ ಕೆಳ ಅರ್ಧದ ಬಣ್ಣ ನೋಡಿರಿ. ಕೆಂಪು ಅತ್ಯಂತ ವಿಷಕಾರಿ, ಅದಕ್ಕಿಂತ ಕಡಿಮೆ ಹಳದಿ, ಆ ಮೇಲೆ ನೀಲಿ, ಎಲ್ಲಕ್ಕಿಂತ ಕಡಿಮೆ ಹಸಿರು. ಇದನ್ನು ಮನೆಯ ಪ್ರತಿಯೊಬ್ಬರೂ ಕಲಿಯಬೇಕು. ಹಸಿರೆಂದ ಮಾತ್ರಕ್ಕೆ ನಿರಪಾಯವಲ್ಲ.

7. ತಲೆನೋವು, ವಾಂತಿ, ಕಣ್ಣು ಮಂಜು, ಜೊಲ್ಲು ಸುರಿಯುವುದು, ಮೈ ನಡುಕ ಕಂಡರೆ "ಬಿಸಿಲಿನಿಂದ ಆಯಿತು" ಎಂದು ಮಲಗಿಸಬೇಡಿರಿ. ಬಟ್ಟೆ ಬದಲಿಸಿ, ಮೈ ತೊಳೆದು, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಿರಿ. ಔಷಧದ ಡಬ್ಬಿಯನ್ನು ಅಥವಾ ಅದರ ಚೀಟಿಯನ್ನು ವೈದ್ಯರಿಗೆ ತೋರಿಸಲೇಬೇಕು.

ಬೀಜ ಮತ್ತು ಕಣಜ

ಬೀಜ ಕಾಪಾಡುವುದರಲ್ಲಿ ಹೆಂಗಸರೇ ಹಿಂದಿನಿಂದ ಗುರುಗಳು. ಚೆನ್ನಾಗಿ ಒಣಗಿಸುವುದು, ಬೂದಿ ಬೆರೆಸುವುದು, ಬೇವಿನ ಸೊಪ್ಪು ಇಡುವುದು ಇವೆಲ್ಲ ಅಜ್ಜಿಯರಿಂದ ಬಂದ ವಿದ್ಯೆ. ಕಾಳು ಒಣಗಿದಷ್ಟೂ ನುಸಿ ಕಡಿಮೆ ಎಂಬುದು ಇಂದಿನ ವಿಜ್ಞಾನವೂ ಒಪ್ಪುವ ಮಾತು. ಆದರೆ ಅಂಗಡಿಯಿಂದ ತಂದ ಬೀಜಕ್ಕೆ ಔಷಧ ಸವರಿರುತ್ತದೆ, ಬಣ್ಣದಿಂದ ಗುರುತಾಗುತ್ತದೆ. ಉಳಿದ ಅಂಥ ಬೀಜವನ್ನು ಅಡುಗೆಮನೆಗೆ ತರಬಾರದು, ಕೋಳಿಗೂ ಹಾಕಬಾರದು. ಈ ಮಾತನ್ನು ಬೀಜ ತಂದವನು ಮನೆಯಲ್ಲಿ ತಿಳಿಸಬೇಕು.

ಇಬ್ಬರೂ ಕೂಡಿದರೆ ಆಗುವುದೇನು?

ಇಂಡೋನೇಷ್ಯಾ ದೇಶದಲ್ಲಿ ಇದೇ ಕಂದು ಜಿಗಿಹುಳು ಭತ್ತವನ್ನು ಸುಡುತ್ತಿತ್ತು. ಔಷಧ ಹೊಡೆದಷ್ಟೂ ಹುಳು ಹೆಚ್ಚುತ್ತಿತ್ತು. 1986ರಲ್ಲಿ ಅಲ್ಲಿನ ಸರ್ಕಾರವು ಭತ್ತಕ್ಕೆ ಹೊಡೆಯುವ 57 ಔಷಧಗಳನ್ನು ನಿಲ್ಲಿಸಿತು. 1989ರಿಂದ ರೈತ ಕ್ಷೇತ್ರ ಪಾಠಶಾಲೆಗಳನ್ನು ನಡೆಸಿತು. ಅಲ್ಲಿ ಕಪ್ಪು ಹಲಗೆಯಿಲ್ಲ, ಗದ್ದೆಯೇ ಹಲಗೆ. ರೈತರು ವಾರಕ್ಕೊಮ್ಮೆ ಗದ್ದೆಗೆ ಇಳಿದು ಹುಳು ಎಣಿಸಿ, ಬಂಟ ಹುಳುಗಳನ್ನು ಎಣಿಸಿ, ಚಿತ್ರ ಬರೆದು, ಕೂಡಿ ತೀರ್ಮಾನಿಸಿದರು. ಈ ಪದ್ಧತಿ ನಮ್ಮ ದೇಶಕ್ಕೂ ಬಂದಿದೆ.

ಅಷ್ಟು ದೊಡ್ಡ ಏರ್ಪಾಡು ಬರುವ ತನಕ ಕಾಯಬೇಕಿಲ್ಲ. ಸೀಗಿ ಹುಣ್ಣಿಮೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುತ್ತೇವಲ್ಲ, ಹಾಗೆಯೇ ವಾರಕ್ಕೊಂದು ದಿನ ಗಂಡ ಹೆಂಡತಿ ಕೂಡಿ ಅರ್ಧ ಗಂಟೆ ಹೊಲ ಸುತ್ತಿರಿ. ಒಬ್ಬರು ಬದುವಿನಿಂದ ನೋಡಲಿ, ಒಬ್ಬರು ಬುಡ ನೋಡಲಿ. ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆಯಿರಿ: ದಿನಾಂಕ, ಯಾವ ಹುಳು, ಎಷ್ಟು, ಏನು ಮಾಡಿದೆವು, ಎಷ್ಟು ಖರ್ಚಾಯಿತು. ಶಾಲೆಗೆ ಹೋಗುವ ಮಗಳು ಬರೆದರೆ ಅವಳಿಗೂ ಪಾಠವಾಗುತ್ತದೆ. ಆ ಪುಸ್ತಕ ನೋಡದೆ ಔಷಧದ ಅಂಗಡಿಗೆ ಹೋಗುವುದಿಲ್ಲ ಎಂದು ಗಂಡಸರು ಮಾತು ಕೊಡಲಿ. ಹೊಲದಲ್ಲಿ ಕಂಡದ್ದನ್ನು ಅದೇ ಸಂಜೆ ಹೇಳುತ್ತೇವೆ ಎಂದು ಹೆಂಗಸರು ಮಾತು ಕೊಡಲಿ. ಕೂಲಿಗೆ ಬಂದವರನ್ನು ಸಂಜೆ ಕೂಲಿ ಕೊಡುವಾಗ "ಈ ದಿನ ಏನು ಕಂಡಿರಿ ಅವ್ವಾ?" ಎಂದು ಒಂದು ಮಾತು ಕೇಳಿರಿ. ಅದಕ್ಕೆ ಖರ್ಚಿಲ್ಲ.

ತರಬೇತಿಯ ವಿಷಯದಲ್ಲಿಯೂ ಒಂದು ಮಾತು. ಹೋಬಳಿಯ ರೈತ ಸಂಪರ್ಕ ಕೇಂದ್ರ, ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರ, ಹಗರಿಯ ಕೃಷಿ ವಿಜ್ಞಾನ ಕೇಂದ್ರ ನಮಗೆ ಹತ್ತಿರ ಇವೆ. ಅಲ್ಲಿಗೆ ಹೋಗುವಾಗ ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿರಿ. ಊರಿನಲ್ಲಿ ಪಾಠ ಏರ್ಪಡಿಸುವವರು ಹೊತ್ತು ನೋಡಿ ಏರ್ಪಡಿಸಲಿ. ಮುಂಜಾನೆ ಹತ್ತು ಗಂಟೆಗೆ ಸಭೆ ಇಟ್ಟರೆ ಹೆಂಗಸರು ಹೊಲದಲ್ಲಿರುತ್ತಾರೆ. ಹಾಗಾದರೆ ಸಭೆಯೇ ಹೊಲಕ್ಕೆ ಹೋಗಲಿ. 2023ರಿಂದ ಕೇಂದ್ರ ಸರ್ಕಾರವು ಸ್ವಸಹಾಯ ಸಂಘಗಳ ಹೆಂಗಸರಿಗೆ ಕೃಷಿ ಸಖಿಯರೆಂದು ತರಬೇತಿ ಕೊಡುವ ಏರ್ಪಾಡು ಮಾಡಿದೆ, ಸಂಘಗಳಿಗೆ ಡ್ರೋನ್ ಕೊಡುವ ಯೋಜನೆಯನ್ನೂ ತಂದಿದೆ. ಪಂಪು ಗಂಡಸರ ಕೈಯಲ್ಲೇ ಇರಬೇಕೆಂಬ ನಿಯಮ ಯಾವ ಶಾಸ್ತ್ರದಲ್ಲೂ ಇಲ್ಲ. ಹಾಗೆಂದು ವಿಷದ ಕೆಲಸವೊಂದೇ ಹೆಂಗಸರಿಗೆ ಹೊಸದಾಗಿ ಬರುವುದೂ ಬೇಡ. ತಿಳಿವಳಿಕೆ ಮೊದಲು ಬರಲಿ, ತೀರ್ಮಾನದಲ್ಲಿ ಪಾಲು ಬರಲಿ. ಆಗ ಹೊಡೆಯುವ ಸಂದರ್ಭವೇ ಕಡಿಮೆಯಾಗುತ್ತದೆ. ಸಂಶಯ ಬಂದರೆ ಕಿಸಾನ್ ಕಾಲ್ ಸೆಂಟರಿಗೆ 1800 180 1551ರಲ್ಲಿ ಕನ್ನಡದಲ್ಲೇ ಕೇಳಬಹುದು, ಕರೆಗೆ ಹಣವಿಲ್ಲ. ಫೋನು ಹಿಡಿದು ಕೇಳುವವರು ಹುಳು ಕಂಡವರೇ ಆಗಿರಲಿ.

ನೆನಪಿಡಬೇಕಾದ ಅಂಶಗಳು

ಬದುವಿನಿಂದ ಎಲೆ ಕಾಣುತ್ತದೆ, ಬಗ್ಗಿದರೆ ಬುಡ ಕಾಣುತ್ತದೆ. ಎರಡೂ ಬೇಕು.
ಹುಳುವಿನ ಹೆಸರು ತಿಳಿಯದೆ ಔಷಧದ ಹೆಸರು ಕೇಳಬಾರದು.
ಕಲಸುವವರಿಗೆ, ಒಗೆಯುವವರಿಗೆ, ಕಳೆ ತೆಗೆಯುವವರಿಗೆ ಹೊಡೆಯುವವನಷ್ಟೇ ರಕ್ಷಣೆ ಬೇಕು.
ಔಷಧ ಹೊಡೆದ ಹೊಲದ ಸುದ್ದಿ ಕೂಲಿಯವರಿಗೆ ಮೊದಲು ತಿಳಿಯಬೇಕು.

ಕೂಡಿ ಚರ್ಚಿಸಿರಿ

1. ಹೋದ ಹಂಗಾಮಿನಲ್ಲಿ ನಿಮ್ಮ ಹೊಲದಲ್ಲಿ ಹುಳುವನ್ನು ಮೊದಲು ಕಂಡವರು ಯಾರು? ಕಂಡ ದಿನಕ್ಕೂ ಕ್ರಮ ಕೈಗೊಂಡ ದಿನಕ್ಕೂ ಎಷ್ಟು ಅಂತರವಿತ್ತು?
2. ನಿಮ್ಮ ಮನೆಯಲ್ಲಿ ಔಷಧ ಕಲಸುವವರು ಯಾರು? ಆ ಬಟ್ಟೆ ಒಗೆಯುವವರು ಯಾರು?
3. ಮೆಣಸಿನ ಎಲೆ ಮೇಲಕ್ಕೆ ಮುದುಡಿದರೆ ಯಾವ ನುಸಿ? ಕೆಳಕ್ಕೆ ಮುದುಡಿದರೆ ಯಾವುದು?
4. ಮುಂದಿನ ನಾಟಿಯಲ್ಲಿ ಓಣಿ ಬಿಡುವ ಬಗ್ಗೆ ನಾಟಿಯ ಗುಂಪಿನವರೊಡನೆ ಯಾವ ದಿನ ಮಾತಾಡುತ್ತೀರಿ?

ಈ ನಾಲ್ಕು ಪ್ರಶ್ನೆಗಳಿಗೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಕುಳಿತು ಬೇರೆ ಬೇರೆ ಉತ್ತರ ಹೇಳಿರಿ. ಆ ಮೇಲೆ ಎರಡನ್ನೂ ಹೊಂದಿಸಿ ನೋಡಿರಿ. ಎಲ್ಲಿ ಹೊಂದಲಿಲ್ಲವೋ ಅಲ್ಲಿಂದಲೇ ಈ ಹಂಗಾಮಿನ ಕೆಲಸವನ್ನು ಆರಂಭಿಸಿರಿ.